ಬೇಜಾರ್ ಮಾಡ್ಕೋಬ್ಯಾಡ್ರಿ

ಜೂನ್ 28, 2025, ಶನಿವಾರ

ಎದ್ದದ್ದು 4.10ಕ್ಕೆ. ಎಲ್ಲಿಗೂ ಹೋಗುವುದಿರಲಿಲ್ಲ. ಇಪ್ಪತ್ತೆರಡು ವರ್ಷ ರೈಲು ಓಡಿಸಿದವನ ಮೈಗೆ ರಜೆ ಎಂದರೆ ತಿಳಿಯುವುದಿಲ್ಲ. ಡ್ಯೂಟಿಯಲ್ಲಿದ್ದಾಗ ಯಾವ ಗಾಡಿ, ಎಷ್ಟು ಹೊತ್ತಿಗೆ ಬಿಟ್ಟೆ, ಎಲ್ಲಿ ಕೆಂಪು ಸಿಕ್ಕಿತು ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಈಗ ಗಾಡಿ ಇಲ್ಲ, ಡೈರಿ ಉಳಿದಿದೆ. ಕೈ ಸುಮ್ಮನಿರುವುದಿಲ್ಲವೆಂದು ಬರೆಯುತ್ತಿದ್ದೇನೆ. ಬೇರೆ ಕಾರಣವಿಲ್ಲ.

6.35 ಚಹಾ. 8.00 ಅವಲಕ್ಕಿ. ಹೆಂಡತಿ ಮಾಯಾ ಉಪ್ಪು ಹಾಕುವುದನ್ನೇ ಮರೆತಿದ್ದಳಂತೆ. ತಾನು ಬಾಯಿಗಿಟ್ಟ ಮೇಲೆ ತನ್ನನ್ನೇ ಬೈದುಕೊಂಡಳು. ಅಷ್ಟರಲ್ಲಿ ನಾನು ಪೂರ್ತಿ ತಿಂದು ತಟ್ಟೆ ತೊಳೆದಿಟ್ಟಿದ್ದೆ.

ರೈಲ್ವೆ ಆಸ್ಪತ್ರೆಯವರು ಆಗಸ್ಟ್ ಕೊನೆಯವರೆಗೆ ಸಿಕ್ ಲೀವ್ ಕೊಟ್ಟಿದ್ದಾರೆ. ಏಪ್ರಿಲ್ ಹನ್ನೊಂದರ ಕೇಸಿನ ಸಲುವಾಗಿ. ಪುಣೆಯಿಂದ ದೌಂಡಕ್ಕೆ ಹೋಗುವಾಗ, ಯವತ್ ನಿಲ್ದಾಣ ದಾಟಿದ ಮೇಲೆ, ಒಬ್ಬ ಮನುಷ್ಯ ಗಾಡಿಯ ಎದುರು ಬಂದು ನಿಂತ. ಹಾರ್ನ್ ಹಾಕಿದೆ, ಬ್ರೇಕ್ ಹಾಕಿದೆ. ಗಾಡಿ 27 ನಿಮಿಷ ತಡವಾಯಿತು. ನನ್ನ ಸರ್ವಿಸಿನಲ್ಲಿ ಇದು ನಾಲ್ಕನೆಯದು. ಮೊದಲ ಮೂರು ಸಲ ಮರುದಿನವೇ ಡ್ಯೂಟಿಗೆ ಹೋಗಿದ್ದೆ. ಈ ಸಲವೂ ನನಗೇನೂ ಆಗಿಲ್ಲ.

ಮಾಯಾ ಪುಣೆಯ ಕೋಂಢವಾದಲ್ಲಿ ಒಂದು ಕ್ಲಿನಿಕ್ಕಿನ ನರ್ಸ್. ಮೇಲಿನ ಮಹಡಿಯಲ್ಲಿ ನಿರಾಶ್ರಿತರ ಕೇಂದ್ರವೊಂದಿದೆ. ಅಲ್ಲಿ ಉರ್ದು ಬಲ್ಲವರು ಬೇಕಾಗಿದ್ದಾರಂತೆ.

"ದಿನಾ ಹಿಂಗ ಗ್ವಾಡಿ ನೋಡಕೋತ ಕುಂತ್ರ ಗ್ವಾಡಿಗೂ ಬೇಜಾರ ಬರ್ತದ್ರಿ. ವಾರಕ್ಕೊಮ್ಮೆ ಹೋಗಿ ಬರ್ರಿ" ಎಂದಳು.

ಆಗಲಿ ಎಂದೆ. ಬೇಡ ಎನ್ನಲು ಹೆಚ್ಚು ಮಾತಾಡಬೇಕಾಗುತ್ತಿತ್ತು.

ಜುಲೈ 3, ಗುರುವಾರ

ನಮ್ಮ ಮನೆಯಿರುವ ಹಡಪಸರದಿಂದ ಬಸ್ಸು 9.20. ಕೋಂಢವಾ 10.05.

ಕೇಂದ್ರ ಎಂದರೆ ಎರಡು ಕೋಣೆ, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ. ನಡೆಸುವವರು ಸದಾನಂದ, ಸೊಲ್ಲಾಪುರದ ಕಡೆಯ ಕನ್ನಡಿಗರು. ಒಳ್ಳೆಯ ಮನುಷ್ಯ. ಒಂದು ವಾರ ಕಾರ್ಯಕ್ರಮ ಮಾಡದಿದ್ದರೆ ಅವರಿಗೆ ಉಂಡದ್ದು ಅರಗುವುದಿಲ್ಲ. ಮೊದಲು ಒಬ್ಬ ಅಫ್ಘನ್ ವಿದ್ಯಾರ್ಥಿನಿ ಇಲ್ಲಿ ದುಭಾಷಿಯಾಗಿದ್ದಳು, ಆಕೆ ಕೆನಡಾಕ್ಕೆ ಹೋದಳು. ನನಗೆ ಅವರ ಪಾರಸಿ ಬರುವುದಿಲ್ಲ. ಕಲಬುರಗಿಯ ಓಣಿಯಲ್ಲಿ ಬೆಳೆದದ್ದಕ್ಕೆ ಬಾಯಲ್ಲಿ ಅಲ್ಲಿಯ ಉರ್ದು ಇದೆ, ಅಷ್ಟೇ. ಹಾಳೂರಿಗೆ ಉಳಿದವನೇ ಗೌಡ.

ಕೆಲಸ ಸುಲಭ. ಇಂಗ್ಲಿಷಿನ ಒಂದು ಫಾರ್ಮು, ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ನಿದ್ದೆ ಬಂತೇ, ಊಟ ಸೇರಿತೇ, ಕೆಲಸದಲ್ಲಿ ಮನಸ್ಸಿತ್ತೇ, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ. ಹತ್ತು ದಾಟಿದವರನ್ನು ಮನೋವೈದ್ಯೆ ಡಾಕ್ಟರ್ ಅಪೇಕ್ಷಾ ನೋಡುತ್ತಾರೆ. ಅವರು ಬರುವುದು ಹದಿನೈದು ದಿನಕ್ಕೊಮ್ಮೆ. ಹತ್ತರ ಒಳಗಿದ್ದವರು ಸದಾನಂದರ ಕಾರ್ಯಕ್ರಮಗಳಿಗೆ. ಸಮಾಜದಲ್ಲಿ ಬೆರೆತರೆ ಮನಸ್ಸು ತಾನೇ ಸರಿಹೋಗುತ್ತದೆ ಎಂಬುದು ಲೆಕ್ಕ.

"ಒಂಬತ್ತನೇದ್ದು ಜರಾ ನಾಜೂಕ್ ಅದರಿ ದತ್ತಣ್ಣ. ಸಾವಿನ ಮಾತು. ಸಾವಕಾಶ ಕೇಳ್ರಿ" ಎಂದರು.

ನನ್ನ ಪಾಲಿಗೆ ಬಂದವನು ಹಶ್ಮತ್. ವಯಸ್ಸು ನಲವತ್ತನಾಲ್ಕು, ಊರು ಅಫ್ಘಾನಿಸ್ತಾನದ ಮಜಾರ್. ಇಸ್ತ್ರಿ ಮಾಡಿದ ಅಂಗಿ, ಎರಡೂ ಕೈ ಮೊಣಕಾಲಿನ ಮೇಲೆ. ಅವನ ಹಿಂದಿ ಸಿನಿಮಾ ನೋಡಿ ಕಲಿತದ್ದು, ನಡುನಡುವೆ ಅವರ ಭಾಷೆ. ಆಪ್ ಇಲ್ಲ, ಎಲ್ಲರೂ ತುಮ್. ಕೆಲಸದಲ್ಲಿ ಮನಸ್ಸಿದೆಯೇ ಎಂದು ಕೇಳಿದೆ. ಕೆಲಸ ಮಾಡಲು ಪರವಾನಗಿಯೇ ಇಲ್ಲ ಎಂದ. ಸೊನ್ನೆ ಹಾಕಿದೆ. ಒಂಬತ್ತನೆಯದನ್ನು ಹೇಗೆ ಕೇಳುವುದು ತಿಳಿಯದೆ, ತಲೆಯಲ್ಲಿ ಕೆಟ್ಟ ವಿಚಾರ ಬರುತ್ತವೆಯೇ ಎಂದೆ.

"ವಿಚಾರ ಏನೂ ಇಲ್ಲ. ಬೇಜಾರ್. ಜಿಂದಗೀ ಸೇ ಬೇಜಾರ್" ಎಂದ.

ಬೇಜಾರು ಯಾರಿಗಿಲ್ಲ? ಬಸ್ಸು ತಪ್ಪಿದರೂ ಬೇಜಾರು, ಚಹಾ ತಣ್ಣಗಾದರೂ ಬೇಜಾರು. ಅಲ್ಲೂ ಸೊನ್ನೆ ಹಾಕಿ, ಅಂಚಿನಲ್ಲಿ ಇಂಗ್ಲಿಷಿನಲ್ಲಿ 'ಬೋರ್ಡ್', ಅಂದರೆ ಹೊತ್ತು ಹೋಗುತ್ತಿಲ್ಲ, ಎಂದು ಬರೆದೆ. ಮೊತ್ತ ಏಳು.

ಏಳುವಾಗ, ಇಷ್ಟೆಲ್ಲ ಕೇಳಿದ್ದಕ್ಕೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎನ್ನಲು, ನಾವು ಎಲ್ಲರಿಗೂ ಹೇಳುವ ಮಾತನ್ನೇ ಉರ್ದುವಿಗೆ ತಿರುಗಿಸಿ ಹೇಳಿದೆ: "ಬೇಜಾರ್ ಮತ್ ಕರ್‌ಲೋ ಭಾಯಿ." ಅವನು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಇಷ್ಟು ಸಣ್ಣ ಮಾತಿಗೆ ಇಷ್ಟು ಮರ್ಯಾದೆ ಮಾಡುವ ಜನ.

ಬಸ್ಸಿಗೆ ಕಾಯುವಾಗ ಇನ್ನೊಂದು ಫಾರ್ಮಿನಲ್ಲಿ ನನ್ನದೇ ಉತ್ತರ ತುಂಬಿ ನೋಡಿದೆ. ಮೊತ್ತ ಎರಡು. ನಿದ್ದೆಯದ್ದು.

ಜುಲೈ 6, ಭಾನುವಾರ

ಎದ್ದದ್ದು 4.10. ಹಿಂದಿನ ಕಿಟಕಿಯಿಂದ ಮಾಂಜರಿ ಕಡೆ ಹೋಗುವ ಗಾಡಿಗಳ ಹಾರ್ನ್ ಕೇಳಿಸುತ್ತದೆ. ಕಿಟಕಿ ಮುಚ್ಚಿದೆ. ಸೆಕೆ ಎಂದು ಮಾಯಾ ತೆರೆದಳು. ಅವಳು ಒಳಗೆ ಹೋದ ಮೇಲೆ ಮುಚ್ಚಿದೆ.

ಜುಲೈ 10, ಗುರುವಾರ

9.20. 10.12, ಟ್ರಾಫಿಕ್.

ಹತ್ತರ ಒಳಗಿನವರ ಜೊತೆ ಒಬ್ಬೊಬ್ಬ ಸ್ಥಳೀಯ ಗೆಳೆಯ ಇರಬೇಕು ಎಂಬುದು ಸದಾನಂದರ ಹೊಸ ಯೋಜನೆ. ಹಶ್ಮತ್‌ನ ಗೆಳೆಯ ನಾನು. ಗೆಳೆತನ ಗುರುವಾರ ಹನ್ನೊಂದರಿಂದ ಹನ್ನೆರಡೂವರೆವರೆಗೆ.

ಚಹಾದ ಅಂಗಡಿವರೆಗೆ ನಡೆದೆವು. ಅವನು ಊರಿನಲ್ಲಿ ಮೋಜಣಿದಾರನಾಗಿದ್ದ, ಸರಕಾರದ ಪರವಾಗಿ ಹೊಲಗದ್ದೆ ಅಳೆಯುವ ಕೆಲಸ. ನಾಲ್ಕು ವರ್ಷದ ಹಿಂದೆ ತಂದೆಯ ಎದೆಯ ಆಪರೇಶನ್ನಿಗೆಂದು ಪುಣೆಗೆ ಬಂದ. ಮುದುಕರು ಆಸ್ಪತ್ರೆಯಲ್ಲಿದ್ದಾಗಲೇ ಅಲ್ಲಿ ಸರಕಾರ ಬಿತ್ತು. ವಿದೇಶಿಯರಿಗೆ ನಕ್ಷೆ ಮಾಡಿಕೊಟ್ಟವನು ಎಂದು ಅವನ ಹೆಸರು ಈಗ ಆಳುವವರ ಪಟ್ಟಿಯಲ್ಲಿದೆಯಂತೆ, ಮರಳಿದರೆ ಉಳಿಗಾಲವಿಲ್ಲ. ಎರಡು ತಿಂಗಳಿಗೆ ತಂದೆ ತೀರಿಕೊಂಡರು. ಇಲ್ಲೇ ಕೋಂಢವಾದ ಕಬರಸ್ತಾನದಲ್ಲಿ ಮಣ್ಣು ಮಾಡಿದ. ಹೆಂಡತಿ ಮತ್ತು ಮಗಳು ಗಡಿ ದಾಟಿ ಇರಾನಿನಲ್ಲಿದ್ದಾರೆ. ಮೊದಲು ದಿನಾ ಫೋನು, ಈಗ ವಾರಕ್ಕೊಮ್ಮೆ. ಮಾತಾಡಲು ಹೊಸದೇನೂ ಇರುವುದಿಲ್ಲ ಎಂದ.

ಇದನ್ನೆಲ್ಲ ಬೇರೆಯವರ ಊರಿನ ಹವಾಮಾನ ಹೇಳಿದಂತೆ ಹೇಳಿದ. ನಾನೂ ಹಾಗೇ ಕೇಳಿದೆ.

ಅಂಗಡಿಗೆ ಎಷ್ಟು ದೂರ ಎಂದು ಚರ್ಚೆಯಾಯಿತು. ನಾನು ಮುನ್ನೂರು ಮೀಟರ್ ಎಂದೆ, ಅವನು ಇನ್ನೂರಾ ಎಪ್ಪತ್ತು ಎಂದ. ಹೆಜ್ಜೆ ಎಣಿಸಿಕೊಂಡು ಮರಳಿದೆವು. ಅವನದೇ ಸರಿ. ನನ್ನನ್ನು ದತ್ತು ಜಾನ್ ಎನ್ನುತ್ತಾನೆ. ಜೀವವೇ ಎಂದು ಅರ್ಥವಂತೆ. ಕೈಹಿಡಿದವಳೂ ಹಾಗೆ ಕರೆದಿಲ್ಲ.

ಹೊರಡುವಾಗ ಬೇಜಾರ್ ಮತ್ ಕರ್‌ಲೋ ಎಂದೆ. ಮತ್ತೆ ಕೈ ಹಿಡಿದ.

ಜುಲೈ 17, ಗುರುವಾರ

ಇವತ್ತು 'ನಮ್ಮ ಅತಿಥಿಗಳು' ಎಂಬ ಕಾರ್ಯಕ್ರಮ. ಪತ್ರಿಕೆಯವರೂ ಬಂದಿದ್ದರು. ಸದಾನಂದರು ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಯಿಂದ ಪಠಾಣರ ವೇಷ ತರಿಸಿದ್ದರು. ಜರಿಯ ಕೋಟು, ದೊಡ್ಡ ಮುಂಡಾಸು. ಹಶ್ಮತ್ ಹಾಕಿಕೊಂಡು ನಿಂತ. ಫೋಟೋ ತೆಗೆದರು. ಮುಂಡಾಸು ಸಡಿಲಾಗಿ ಕಣ್ಣಿನ ಮೇಲೆ ಜಾರುತ್ತಿತ್ತು.

"ಹದಿನೆಂಟು ವರ್ಷ ನಾನು ಪ್ಯಾಂಟು ಹಾಕಿಕೊಂಡು ಆಫೀಸಿಗೆ ಹೋದವನು" ಎಂದು ನನಗೆ ಹೇಳಿದ. "ಎಲ್ಲರೂ ಬಂದು ಭಾಗವಹಿಸು ಅನ್ನುತ್ತಾರೆ. ಮಾಡು ಅಂತ ಯಾರೂ ಏನೂ ಕೊಡುವುದಿಲ್ಲ."

ಇದನ್ನು ಸದಾನಂದರಿಗೆ ಅನುವಾದಿಸಲಿಲ್ಲ. ಅವರೂ ಪಾಪ ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ.

ಮನೆಗೆ ಬಂದು ಮಾಯಾಗೆ ಮುಂಡಾಸಿನ ಕತೆ ಹೇಳಿದೆ. ಅವಳು ಲಟ್ಟಣಿಗೆ ಕೈಯಲ್ಲಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಯಾಕೆ ಎಂದೆ. "ಏನಿಲ್ಲರಿ, ಭಾಳ ದಿನಾ ಆಗಿತ್ತು ನೀವು ಏನರ ಹೇಳಿ" ಎಂದಳು.

ಜುಲೈ 22, ಮಂಗಳವಾರ

ದೌಂಡದಿಂದ ಫೋನು. ಇಲಾಖೆಯ ವಿಚಾರಣೆ ಮುಗಿಯಿತು, ನನ್ನ ತಪ್ಪಿಲ್ಲ. ಹಾರ್ನ್ ಹಾಕಿದ್ದು, ಬ್ರೇಕ್ ಹಾಕಿದ್ದು ಎಲ್ಲ ದಾಖಲೆಯಾಗಿದೆ. 27 ನಿಮಿಷ ಎಂಬುದನ್ನು 26 ಎಂದು ತಿದ್ದಿದ್ದಾರೆ. ಸರಿ ಎಂದೆ.

ಜುಲೈ 31, ಗುರುವಾರ

ಇವತ್ತು ಅಂಗಡಿಯಲ್ಲಿ ಕುಳಿತಾಗ ಹಶ್ಮತ್ ಕೇಳಿದ: "ನೀನು ನನಗೆ ಪ್ರತಿ ವಾರ ಹೇಳುತ್ತೀಯಲ್ಲ, ಬೇಜಾರ್ ಆಗಬೇಡ ಅಂತ. ಬೇರೆಯವರಿಗೂ ಹೇಳುತ್ತೀಯಾ?"

"ದಿನಕ್ಕೆ ಹತ್ತು ಜನಕ್ಕೆ ಹೇಳುತ್ತೇನೆ, ಅಭ್ಯಾಸ" ಎಂದೆ. ಖರೆಯೇ. ಡ್ಯೂಟಿಯಲ್ಲಿ ಗಾರ್ಡಿನಿಂದ ಹಿಡಿದು ಚಹಾದವನವರೆಗೆ ಎಲ್ಲರಿಗೂ ಹೇಳುತ್ತಿದ್ದೆ.

ಅವನು ಎದ್ದುನಿಂತು ಎದೆಯ ಮೇಲೆ ಕೈಯಿಟ್ಟು, "ಬಹಳ ದೊಡ್ಡ ಕೆಲಸ" ಎಂದ. ಇವರ ಉಪಚಾರಕ್ಕೆ ಮಿತಿಯೇ ಇಲ್ಲ.

ಅವನ ಅಂಗಿಯ ಕಾಲರು ದೊಡ್ಡದಾಗಿ ಕಾಣುತ್ತಿದೆ. ಕುತ್ತಿಗೆ ಸಣ್ಣದಾಗಿರಬೇಕು. ಬನ್ನು ತರಿಸಿದೆ. ಅರ್ಧ ಮುರಿದು ಗುಬ್ಬಿಗಳಿಗೆ ಹಾಕಿದ, ಉಳಿದದ್ದನ್ನು ಜೇಬಿಗೆ ಹಾಕಿಕೊಂಡ.

ಆಗಸ್ಟ್ 7, ಗುರುವಾರ

ಹದಿನೈದನೇ ತಾರೀಖು ಧ್ವಜ ಹಾರಿಸಿದ ಮೇಲೆ ನಿರಾಶ್ರಿತರ ಪರವಾಗಿ ಒಬ್ಬರು ಮಾತಾಡಬೇಕು. 'ಈ ದೇಶ ನನಗೆ ಕೊಟ್ಟದ್ದು', ಐದು ನಿಮಿಷ. ಸದಾನಂದರು ಹಶ್ಮತ್‌ನನ್ನು ಆರಿಸಿದ್ದಾರೆ, ಅವನು ಶಾಂತ ಸ್ವಭಾವದವನು ಎಂದು. ನಾನು ಅನುವಾದಿಸಿ ಹೇಳಿದೆ.

"ಹದಿನೈದಕ್ಕಾ?" ಎಂದು ಎರಡು ಸಲ ಕೇಳಿದ. ಹೌದು ಎಂದೆ. ಆಯಿತು ಎಂದ.

ಆಮೇಲೆ ಅಂಗಡಿಯಲ್ಲಿ ಚೀಲದಿಂದ ಒಂದು ಅಳತೆಯ ಟೇಪು ತೆಗೆದ. ಚರ್ಮದ ಡಬ್ಬಿ, ಮೂವತ್ತು ಮೀಟರಿನದು. ಊರಿನಿಂದ ತಂದದ್ದು, ಆಫೀಸಿನದು. "ನೀನು ಇಟ್ಟುಕೋ. ನನಗೆ ಅಳೆಯುವುದು ಏನೂ ಉಳಿದಿಲ್ಲ" ಎಂದ. ಕಂಬಳಿಯನ್ನು ಕೋಣೆಯ ಜೊತೆಗಾರನಿಗೆ ಕೊಟ್ಟನಂತೆ, ಚಹಾದ ಕೆಟಲನ್ನು ಪಕ್ಕದ ಮನೆಯವರಿಗೆ. ಬೇಡವೆಂದರೂ ಕೇಳಲಿಲ್ಲ. ಒಳ್ಳೆಯ ಟೇಪು.

ಮಾಯಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಯಾಕ ಕೊಟ್ಟರು?"

"ಪ್ರೀತಿಲೆ."

"ಮನಿಷಾ ಇದ್ದಿದ್ದೆಲ್ಲಾ ಹಿಂಗ ಹಂಚಾಕತ್ತಿದ್ರ ನನಗ ಛಲೋ ಅನಸೂದಿಲ್ಲರಿ."

ಅವನ ಅಂಕ ಏಳು, ಬರೀ ಬೇಜಾರು ಎಂದೆ. "ಫಾರ್ಮಿಗೇನ್ ಗೊತ್ತದ. ನಿಮ್ಮದೂ ಎರಡೇ ಬಂದಿತ್ತಲ್ಲ" ಎಂದಳು. ಆ ಫಾರ್ಮು ನನ್ನ ಪ್ಯಾಂಟಿನ ಜೇಬಿನಲ್ಲಿ ಒಗೆಯುವಾಗ ಸಿಕ್ಕಿತ್ತಂತೆ. ನನಗೆ ಸಿಟ್ಟು ಬಂತು. ಬಾಗಿಲು ಜೋರಾಗಿ ಹಾಕಿದೆ. ಆಮೇಲೆ ನೋಡಿದರೆ ಹಾಕಿದ್ದು ಬಚ್ಚಲಿನ ಬಾಗಿಲು, ಒಳಗೆ ನಾನೇ ಇದ್ದೆ. ಸುಮ್ಮನೆ ಕೈ ತೊಳೆದು ಬಂದೆ.

ಆಗಸ್ಟ್ 14, ಗುರುವಾರ

ಪೆಂಡಾಲ್ ಹಾಕುವ ಕೆಲಸಕ್ಕೆ ಕೇಂದ್ರ ಬಂದ್. ಮನೆಯಲ್ಲಿದ್ದೆ. ಹನ್ನೊಂದಕ್ಕೆ ಚಪ್ಪಲಿ ಮೆಟ್ಟಿಕೊಂಡು, ನೆನಪಾಗಿ ಬಿಚ್ಚಿಟ್ಟೆ.

ಆಗಸ್ಟ್ 15, ಶುಕ್ರವಾರ

ಇವತ್ತು ಬಸ್ಸಿನ ಹೊತ್ತು ನೆನಪಿಲ್ಲ. ಆದರೂ ಬರೆಯುತ್ತೇನೆ.

ಧ್ವಜ ಹಾರಿಸಿದ್ದಾಯಿತು. ಹಶ್ಮತ್ ಬಂದಿರಲಿಲ್ಲ. ಫೋನು ಬಂದ್. ಸದಾನಂದರು ಮೈಕಿನ ಹತ್ತಿರ ಹೋಗಿಬಂದು ಮಾಡುತ್ತಿದ್ದರು. ಮಕ್ಕಳಿಗೆ ಹಂಚಲು ಊರಿನ ಕ್ಯಾಂಪ್ ಪೇಟೆಯ ಒಬ್ಬ ಇರಾನಿ ಹೋಟೆಲಿನವರು ಬನ್ನಿನ ಟ್ರೇ ತಂದಿದ್ದರು. ಎಂಬತ್ತರ ಹತ್ತಿರದ ಮುದುಕರು. ಅಫ್ಘನ್ ಒಬ್ಬ ಮಾತಾಡುತ್ತಾನೆಂದು ಕೇಳಿ, ಎಷ್ಟೋ ದಿನದ ಮೇಲೆ ಪಾರಸಿ ಕಿವಿಗೆ ಬೀಳುತ್ತದೆ ಎಂದು ಕುರ್ಚಿ ಎಳೆದುಕೊಂಡು ಕುಳಿತಿದ್ದರು.

"ಏನ್ ಮಂದಿರಿ ಇವರು" ಎಂದು ಸದಾನಂದರು ನನ್ನ ಹತ್ತಿರ ಗೊಣಗಿದರು. "ಫಾರ್ಮಿನಾಗ ನೀವೇ ಬರದೀರಿ, ಬೋರ್ ಆಗ್ಯಾದ ಅಂತ. ಬೋರ್ ಆದವ್ರಿಗೆ ಸ್ಟೇಜ್ ಕೊಟ್ರ ಬರೂದಿಲ್ಲ ಅಂದ್ರ?"

ಅವರ ಪರವಾಗಿ ಮುದುಕರಿಗೆ ನಾನೇ ಹೇಳಿದೆ, ಅವನಿಗೆ ಸ್ವಲ್ಪ ಬೇಜಾರಿದೆ, ಅದಕ್ಕೇ ಬಂದಿಲ್ಲ ಎಂದು. ಅವನು ಬಳಸಿದ ಮಾತೂ ಅದೇ ಎಂದೆ.

ಮುದುಕರು ಕನ್ನಡಕ ತೆಗೆದರು. "ಪೂರಾ ಹೇಳು. ಅವನು ಏನಂದ?"

"ಜಿಂದಗೀ ಸೇ ಬೇಜಾರ್."

"ಅದು ನಿಮ್ಮ ಬೇಜಾರು ಅಲ್ಲ, ಬಾಬಾ" ಎಂದರು. "ನಾನೂ ಅರವತ್ತು ವರ್ಷದಿಂದ ಗಿರಾಕಿಗಳ ಬಾಯಲ್ಲಿ ಕೇಳುತ್ತಿದ್ದೇನೆ. ಚಹಾ ತಡವಾದರೆ ಬೇಜಾರು ಅನ್ನುತ್ತೀರಿ. ನಮ್ಮಲ್ಲಿ ಬೇಜಾರ್ ಅಂದರೆ ಹೇಸಿಗೆ. ಇನ್ನು ಬೇಡ, ಕಣ್ಣೆದುರು ಇರುವುದೇ ಬೇಡ ಅನ್ನುವಷ್ಟು. ಹೆಂಡತಿಯಿಂದ ಬೇಜಾರ್ ಅಂದರೆ ತಲಾಖ್. ಬದುಕಿನಿಂದ ಬೇಜಾರ್ ಅಂದರೆ ನೀನೇ ತಿಳಿದುಕೋ. ಯಾವಾಗ ಹೇಳಿದ?"

"ಜುಲೈ ಮೂರಕ್ಕೆ."

ಅವರು ಧ್ವಜವನ್ನೊಮ್ಮೆ ನೋಡಿ ಹೇಳಿದರು: "ಅವನಿಗೆ ಈ ದಿನವೇ ಸಿಕ್ಕಿತೇ ನಿಮಗೆ? ಕಾಬೂಲ್ ಬಿದ್ದದ್ದು ಇದೇ ಆಗಸ್ಟ್ ಹದಿನೈದು."

ಹೆದರಿಕೆಯಾಯಿತು. ಬರೆಯುವಾಗಲೂ ಆಗುತ್ತಿದೆ. ಹೆದರಿಕೆ ಹೀಗಿರುತ್ತದೆ ಎಂಬುದನ್ನೇ ಮರೆತಿದ್ದೆ. ಮಾಯಾಳ ಕ್ಲಿನಿಕ್ಕಿಗೆ ಓಡಿ ಇಷ್ಟೇ ಹೇಳಿದೆ: ನಾನು ತಪ್ಪು ಬರೆದೆ. ಅವಳು ಡಾಕ್ಟರ್ ಅಪೇಕ್ಷಾಗೆ ಫೋನು ಹಚ್ಚಿಕೊಂಡೇ ನನ್ನ ಜೊತೆ ರಿಕ್ಷಾ ಹತ್ತಿದಳು.

ಕೋಣೆಗೆ ಬೀಗ. ಜೊತೆಗಾರ ಹೇಳಿದ: ಶುಕ್ರವಾರವಲ್ಲವೇ, ತಂದೆಯ ಹತ್ತಿರ ಹೋಗಿರುತ್ತಾನೆ.

ಕಬರಸ್ತಾನದ ಗೇಟಿನಲ್ಲಿ ಮಾಯಾ ನಿಂತಳು, ನಾನು ಒಳಗೆ ಹೋದೆ. ಅವನು ಅಲ್ಲಿದ್ದ. ಭಾಷಣಕ್ಕೆಂದು ಹಾಕಿಕೊಂಡ ಕೋಟಿನಲ್ಲೇ ಗೋರಿಯ ಪಕ್ಕ ಹಸಿ ಮಣ್ಣಿನ ಮೇಲೆ ಕುಳಿತಿದ್ದ. ನಾನು ಅವನ ಎದುರು ಕುಳಿತೆ. ಅವನೇ ಮಾತಾಡಿದ.

"ನಿನ್ನೆ ಗುರುವಾರ ನೀನು ಬರಲಿಲ್ಲ, ದತ್ತು ಜಾನ್."

"ಕೇಂದ್ರ ಬಂದ್ ಇತ್ತು."

"ಹದಿನೈದು ದಾಟಬಾರದು ಅಂತ ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಮೊದಲನೇ ದಿನವೇ ನಿನಗೆ ಹೇಳಿದೆ. ನೀನು ಹೆದರಲಿಲ್ಲ, ಉಪದೇಶ ಮಾಡಲಿಲ್ಲ. ಬೇಜಾರ್ ಆಗಬೇಡ ಅಂದಿ. ಮುಂದಿನ ವಾರ ಮತ್ತೆ ಅಂದಿ. ಈ ಊರಲ್ಲಿ ಒಬ್ಬನಿಗೆ ಗೊತ್ತಿದೆ, ಅವನು ಬೇಡ ಅನ್ನುತ್ತಿದ್ದಾನೆ ಅಂತ, ಒಂದು ಗುರುವಾರದಿಂದ ಇನ್ನೊಂದಕ್ಕೆ ಬಂದೆ. ನಿನ್ನೆ ಯಾರೂ ಹೇಳಲಿಲ್ಲ."

ನಾನು ಆಗ ಸುಮ್ಮನಿದ್ದುಬಿಡಬಹುದಿತ್ತು. ಹೌದು, ಗೊತ್ತಿತ್ತು ಎಂದರೆ ಮುಗಿಯುತ್ತಿತ್ತು. ಅವನು ಅಷ್ಟು ವಾರ ಹಿಡಿದುಕೊಂಡದ್ದು ಅದೊಂದನ್ನೇ. ಅದನ್ನೂ ಕಿತ್ತುಕೊಳ್ಳಲೇ? ಆದರೆ ಸುಳ್ಳು ಹೇಳಿದರೆ ಡಾಕ್ಟರಿಗೆ ಏನು ಹೇಳುವುದು, ಮುಂದಿನ ಸಲ ಅವನು ಏನೋ ಹೇಳಿದಾಗ ನಾನು ಮತ್ತೊಂದು ತಿಳಿದುಕೊಂಡರೆ?

ಹೇಳಿಬಿಟ್ಟೆ. ನನಗೆ ಗೊತ್ತಿರಲಿಲ್ಲ, ನಮ್ಮ ಕಡೆ ಈ ಮಾತಿಗೆ ಅರ್ಥವೇ ಬೇರೆ, ಕಾಲು ತುಳಿದರೂ ಹೇಳುತ್ತೇವೆ. ಫಾರ್ಮಿನಲ್ಲಿ ನಿನಗೆ ಹೊತ್ತು ಹೋಗುವುದಿಲ್ಲ ಅಂತ ಬರೆದೆ. ಅದಕ್ಕೇ ಡಾಕ್ಟರು ನಿನ್ನನ್ನು ನೋಡಲಿಲ್ಲ. ತಪ್ಪು ನನ್ನದು.

ಅವನು ತಲೆ ತಗ್ಗಿಸಿದ. ಆಮೇಲೆ ಅವನ ಭುಜ ಅಲುಗಿತು. ಅಳುತ್ತಿದ್ದಾನೆ ಎಂದುಕೊಂಡೆ, ನಗುತ್ತಿದ್ದ. ನೋಡನೋಡುತ್ತ ಅಳುವೇ ಆಯಿತು.

"ಕಾಲು ತುಳಿದರೂ?" ಎಂದ.

"ಹೂಂ."

"ಹಾಗಾದರೆ ಈಗ ಹೇಳು. ಗೊತ್ತಿದ್ದು ಹೇಳು."

ಆರು ವಾರ ನಾಲಗೆಯ ತುದಿಯಲ್ಲಿದ್ದ ಮಾತು ಈಗ ಸಾಲದಾಯಿತು. ಅವನ ಎರಡೂ ಕೈ ಹಿಡಿದುಕೊಂಡು, ಕನ್ನಡದಲ್ಲೋ ಉರ್ದುವಿನಲ್ಲೋ ನೆನಪಿಲ್ಲ, ಬ್ಯಾಡ ಎಂದೆ. ಬ್ಯಾಡೋ ಮಾರಾಯಾ, ಬ್ಯಾಡ.

ಅವನನ್ನು ಒಬ್ಬನೇ ಬಿಡಬಾರದು, ನಾಳೆ ಬೆಳಿಗ್ಗೆ ನನ್ನ ಆಸ್ಪತ್ರೆಗೇ ಕರೆತನ್ನಿ ಎಂದರು ಡಾಕ್ಟರು. ಫೋನಿನಲ್ಲಿ ಅವನ ಜೊತೆಯೂ ಮಾತಾಡಿದರು. ಈಗ ನಮ್ಮ ಹೊರಕೋಣೆಯಲ್ಲಿದ್ದಾನೆ. ಮಾಯಾ ಅನ್ನ ಸಾರು ಬಡಿಸಿ, "ಉಣ್ರಿ ಅಣ್ಣಾ, ನಾಚಿಕಿ ಮಾಡಬ್ಯಾಡ್ರಿ" ಎಂದು ಕನ್ನಡದಲ್ಲೇ ಗದರಿಸಿದಳು. ಅನುವಾದ ಬೇಕಾಗಲಿಲ್ಲ. ಸಾರಿಗೆ ಉಪ್ಪು ತುಸು ಹೆಚ್ಚಾಗಿತ್ತು.

ಆಗಸ್ಟ್ 16, ಶನಿವಾರ

ಡಾಕ್ಟರ್ ಅಪೇಕ್ಷಾ ಕೊಲ್ಲಾಪುರದವರು. ಅವರ ಹಿಂದಿ ಕೊಲ್ಲಾಪುರದ್ದು, ಹಶ್ಮತ್‌ನದು ಮಜಾರಿನದು. ಇಂಥ ಮಾತಿಗೆ ಅರೆಬರೆ ಹಿಂದಿ ಸಾಲದು, ಪಾರಸಿ ಬಲ್ಲ ಇನ್ನೊಬ್ಬರನ್ನು ಕರೆಸುತ್ತೇನೆ ಎಂದರು. ಹಶ್ಮತ್ ಒಪ್ಪಲಿಲ್ಲ. ದತ್ತು ಜಾನ್ ಇರಲಿ, ತಪ್ಪಿದರೆ ತಪ್ಪಿದೆ ಎಂದು ಹೇಳುವವನು ಎಂದ. ಕೊನೆಗೆ ಇರಾನಿ ಮುದುಕರನ್ನು ಫೋನಿನಲ್ಲಿ ಇಟ್ಟುಕೊಳ್ಳುವುದು, ಅನುಮಾನ ಬಂದ ಶಬ್ದವನ್ನು ಅವರಿಗೆ ಕೇಳುವುದು, ಹಿಂದಿಯನ್ನು ನಾನು ಮರಾಠಿಗೆ ತಿರುಗಿಸುವುದು ಎಂದಾಯಿತು.

ಡಾಕ್ಟರು ನನಗೊಂದು ನಿಯಮ ಹೇಳಿದರು. ಅವನು ಹೀಗೆ ಹೇಳುತ್ತಾನೆ, ಅವನಿಗೆ ಹಾಗಾಗುತ್ತದಂತೆ ಎಂದು ವರದಿ ಒಪ್ಪಿಸಬಾರದು. ಅವನು 'ನಾನು' ಎಂದರೆ ನಾನೂ 'ನಾನು' ಎನ್ನಬೇಕು. ಅವನು ಎಷ್ಟು ಹೇಳಿದನೋ ಅಷ್ಟು. ಸೇರಿಸುವುದಿಲ್ಲ, ಮೆತ್ತಗೆ ಮಾಡುವುದಿಲ್ಲ.

ಸರಿ ಎಂದೆ.

ಹಶ್ಮತ್ ಶುರುಮಾಡಿದ. ನಾನು ಹೇಳುತ್ತ ಹೋದೆ. ನನಗೆ ಬೆಳಗಾಗುವುದು ಬೇಡವಾಗಿದೆ. ನಾನು ಅಪ್ಪನನ್ನು ಪರವೂರಿನ ಮಣ್ಣಿನಲ್ಲಿ ಹಾಕಿದೆ. ಮಗಳು ಫೋನಿನಲ್ಲಿ ಏನು ತಿಂದೆ ಅಂತ ಕೇಳಿದರೆ ನಾನು ಸುಳ್ಳು ಹೇಳುತ್ತೇನೆ. ಒಂದೆರಡು ಕಡೆ ನಿಲ್ಲಿಸಿ ಮುದುಕರಿಗೆ ಕೇಳಿದೆವು. 'ದಿಲ್‌ತಂಗ್' ಎಂದರೆ ಎದೆ ಇಕ್ಕಟ್ಟಾಗುವುದು, ನೆನಪಾಗಿ ಕೊರಗುವುದು ಎಂದರು. ಹಾಗೇ ಹೇಳಿದೆ. ಡಾಕ್ಟರು ಬರೆದುಕೊಳ್ಳುತ್ತಿದ್ದರು.

ನನಗೆ ಬಾಯಿಗೆ ರುಚಿ ಇಲ್ಲ. ನಾನು ಹೊತ್ತಿಗೆ ಮುಂಚೆ ಎಚ್ಚರಾಗಿ ಸುಮ್ಮನೆ ಬಿದ್ದಿರುತ್ತೇನೆ. ಜನ ಮಾತಾಡುತ್ತಾರೆ, ಕೇಳಿಸುತ್ತದೆ, ನನ್ನವರೆಗೆ ಬರುವುದಿಲ್ಲ. ಯಾರೂ ನನ್ನನ್ನು ಕೆಟ್ಟವನು ಅನ್ನಲಿಲ್ಲ, ಎಲ್ಲರೂ ತಪ್ಪು ನಿನ್ನದಲ್ಲ ಅಂದರು. ನಾನು ಅವನ ಮುಖ ನೋಡಿದೆ. ನೀಲಿ ಅಂಗಿ. ಅವನು ಒಂದು ಕೈ ಎತ್ತಿದ. ನಿಲ್ಲಿಸು ಅಂತ ಎತ್ತಿದನೋ, ಹೋಗಿ ಬರುತ್ತೇನೆ ಅಂತ ಎತ್ತಿದನೋ ನನಗೆ ತಿಳಿಯಲಿಲ್ಲ. ಅಷ್ಟು ಭಾರದ ಗಾಡಿ ಅಷ್ಟರಲ್ಲಿ ನಿಲ್ಲುವುದಿಲ್ಲ. ಅವನ ಹೆಸರೇನು ಅಂತ ನಾನು ಯಾರನ್ನೂ ಕೇಳಲಿಲ್ಲ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದ್ದರು. ಹಶ್ಮತ್ ನೀರಿನ ಲೋಟ ಕೈಯಲ್ಲಿ ಹಿಡಿದು ನನ್ನನ್ನು ನೋಡುತ್ತಿದ್ದ. ಅವನು ಮಾತು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ.

"ಹೇ ಕೋಣಾಚಂ, ದತ್ತೂಜೀ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಇದು ಯಾರದು, ಅವರದೋ ನಿಮ್ಮದೋ.

"ಮಾಝಂ" ಎಂದೆ. ನನ್ನದು.

ಹಶ್ಮತ್‌ಗೆ ಮರಾಠಿ ತಿಳಿಯುವುದಿಲ್ಲ. ಏನು ಹೇಳಿದಿ ಎಂದು ನನ್ನ ತೋಳು ಹಿಡಿದು ಕೇಳಿದ. ಕೋಣೆಯಲ್ಲಿ ಬೇರೆ ದುಭಾಷಿ ಇರಲಿಲ್ಲ. ಮೊದಲಿನಿಂದ ಎಲ್ಲವನ್ನೂ ಮತ್ತೊಮ್ಮೆ ನಾನೇ ಅವನಿಗೆ ಹೇಳಿದೆ.